ಫಾದರ್ ಆಗಸ್ಟಸ್ ಮುಲ್ಲರ್

ಫಾದರ್ ಆಗಸ್ಟಸ್ ಮುಲ್ಲರ್ (1841–1910) ಜರ್ಮನಿ ಮೂಲದ ಕ್ರೈಸ್ತ ಧರ್ಮಗುರು. ಅವರು ಯೇಸು ಸಭೆಯ ಸದಸ್ಯರಾಗಿದ್ದರು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನೂ, 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನೂ, 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆಯನ್ನೂ ಸ್ಥಾಪಿಸಿದರು. ಅವರ ಹೆಸರನ್ನೇ ಹೊತ್ತಿರುವ ಫಾದರ್ ಮುಲ್ಲರ್ ಸೇವಾ ಸಂಸ್ಥೆಗಳು ಇಂದು ದಕ್ಷಿಣ ಕನ್ನಡ ಜಿಲ್ಲೆಯ ಪ್ರಮುಖ ಆಸ್ಪತ್ರೆ ಮತ್ತು ವೈದ್ಯಕೀಯ ಶಿಕ್ಷಣ ಕೇಂದ್ರಗಳಲ್ಲಿ ಸೇರಿವೆ. ಮುಖ್ಯವಾಹಿನಿಯ ವೈದ್ಯಕ್ಕೆ ಹೊರತಾದ ಚಿಕಿತ್ಸಾ ಪದ್ಧತಿಯೊಂದು ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿ ಯಾವ ಬಗೆಯ ಪಾತ್ರ ವಹಿಸಬಲ್ಲದು, ಅದರ ಮಿತಿಗಳೇನು ಎಂಬ ಪ್ರಶ್ನೆಗೆ ಅವರ ಜೀವನವು ಕರಾವಳಿ ಕರ್ನಾಟಕದ ಗಮನಾರ್ಹ ಉದಾಹರಣೆಯಾಗಿದೆ.

ಆರಂಭಿಕ ಜೀವನ

ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಯೇಸು ಸಭೆಯನ್ನು ಸೇರಿ ಧರ್ಮಶಿಕ್ಷಣವನ್ನು ಪಡೆದರು. ವೃತ್ತಿಯಿಂದ ಅವರು ವೈದ್ಯರಲ್ಲ, ಗುರುಗಳು ಮತ್ತು ಅಧ್ಯಾಪಕರು. ಆದರೆ ಭಾರತಕ್ಕೆ ಬರುವ ಮೊದಲೇ ಅವರಿಗೆ ಹೋಮಿಯೋಪತಿಯ ಪರಿಚಯವಾಗಿತ್ತು. ಜರ್ಮನ್ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ (1755–1843) 1796ರಲ್ಲಿ ಮಂಡಿಸಿದ ತತ್ತ್ವದ ಮೇಲೆ ನಿಂತಿದ್ದ ಈ ಪದ್ಧತಿ ಆ ವೇಳೆಗೆ ಯುರೋಪು ಮತ್ತು ಅಮೆರಿಕಗಳಲ್ಲಿ ಹರಡಿತ್ತು. ರೋಗಲಕ್ಷಣವನ್ನು ಹೋಲುವ ಪರಿಣಾಮವನ್ನು ಉಂಟುಮಾಡುವ ದ್ರವ್ಯವನ್ನು ಅತಿಯಾಗಿ ತೆಳುಗೊಳಿಸಿ ಔಷಧವಾಗಿ ಕೊಡುವುದು ಇದರ ಮೂಲ ಕ್ರಮ.

ಹೋಮಿಯೋಪತಿಯು ಆ ಕಾಲದಲ್ಲಿ ಜನರನ್ನು ಸೆಳೆಯಲು ಕಾರಣವಿತ್ತು. ರಕ್ತ ಹರಿಸುವುದು, ಭೇದಿ ಮಾಡಿಸುವುದು, ಪಾದರಸದ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡುವುದು ಮುಂತಾದ ಕಠಿಣ ಕ್ರಮಗಳು ಹತ್ತೊಂಬತ್ತನೆಯ ಶತಮಾನದ ವೈದ್ಯದಲ್ಲಿ ಇನ್ನೂ ಉಳಿದಿದ್ದವು. ಸಣ್ಣ ಸಕ್ಕರೆ ಗುಳಿಗೆಗಳು ರೋಗಿಗೆ ಅಂಥ ಹಿಂಸೆಯನ್ನು ಕೊಡುತ್ತಿರಲಿಲ್ಲ. ಜೊತೆಗೆ ಅವು ಅಗ್ಗವಾಗಿದ್ದವು, ಸಾಗಿಸಲು ಸುಲಭವಾಗಿದ್ದವು. ದೂರದ ನಾಡುಗಳಿಗೆ ಹೋಗುತ್ತಿದ್ದ ಮಿಷನರಿಗಳಿಗೆ ಈ ಎರಡು ಗುಣಗಳು ಬಹಳ ಮುಖ್ಯವಾದವು.

ಮಂಗಳೂರಿಗೆ ಆಗಮನ

ಮಂಗಳೂರಿನ ಕ್ಯಾಥೋಲಿಕ್ ಮಿಷನ್ನಿನ ಆಡಳಿತವನ್ನು 1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮೆಲೈಟ್ ಗುರುಗಳಿಂದ ಯೇಸು ಸಭೆಗೆ ವರ್ಗಾಯಿಸಿದರು. ಆ ವರ್ಷದ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸು ಸಭೆಯ ಮೊದಲ ತಂಡದಲ್ಲಿ ಮುಲ್ಲರ್ ಇದ್ದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅವರು ಅಲ್ಲಿ ಅಧ್ಯಾಪಕರಾದರು.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಜಿಲ್ಲೆಯ ಕೇಂದ್ರವಾದ ಮಂಗಳೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1848ರಲ್ಲಿ ಸ್ಥಾಪನೆಯಾದ ಸರಕಾರಿ ಆಸ್ಪತ್ರೆ ಇತ್ತು. ಅದೇ ಮುಂದೆ ವೆನ್‌ಲಾಕ್ ಆಸ್ಪತ್ರೆ ಎಂದು ಹೆಸರಾಯಿತು. ಜಿಲ್ಲೆಯ ಒಳನಾಡಿನ ಜನರಿಗೆ ಪಾಶ್ಚಾತ್ಯ ಪದ್ಧತಿಯ ವೈದ್ಯರು ದೊರೆಯುವುದು ಅಪರೂಪ. ಜ್ವರ, ಹೊಟ್ಟೆನೋವುಗಳಿಗೆ ಊರಿನ ಪಂಡಿತರು ಮತ್ತು ನಾಟಿವೈದ್ಯರು, ಮೂಳೆ ಮುರಿದರೆ ಇಲ್ಲವೇ ಉಳುಕಿದರೆ ಎಣ್ಣೆ ಹಚ್ಚಿ ನೀವಿ ಕಟ್ಟು ಹಾಕುವವರು, ಹೆರಿಗೆಗೆ ಸೂಲಗಿತ್ತಿಯರು – ಇವರೇ ಹಳ್ಳಿಗಳ ಆರೋಗ್ಯ ವ್ಯವಸ್ಥೆಯಾಗಿದ್ದರು. ಮೂಡುಬಿದಿರೆ–ಕಾರ್ಕಳ ದಾರಿಯಲ್ಲಿರುವ ಬೆಳುವಾಯಿಯಂಥ ಊರುಗಳಿಂದ ಮಂಗಳೂರಿಗೆ ಬರಬೇಕಾದರೆ ನಡೆದೋ ಎತ್ತಿನ ಗಾಡಿಯಲ್ಲೋ ಸಾಗಬೇಕಿತ್ತು. ಮಳೆಗಾಲದಲ್ಲಿ ಹೊಳೆಗಳು ತುಂಬಿದಾಗ ರೋಗಿಯನ್ನು ಕರೆದುಕೊಂಡು ಇಷ್ಟು ದೂರ ಬರುವುದು ಬಹು ಕಷ್ಟವಾಗಿತ್ತು. ಈ ಹಿನ್ನೆಲೆಯಲ್ಲಿ ಮುಲ್ಲರ್ ಅವರ ಕೆಲಸವನ್ನು ನೋಡಬೇಕಾಗುತ್ತದೆ.

ಕಂಕನಾಡಿಯ ಔಷಧಾಲಯ

ಮುಲ್ಲರ್ ಮೊದಲು ಕಾಲೇಜಿನ ವಿದ್ಯಾರ್ಥಿಗಳಿಗೆ, ಬಳಿಕ ಅವರನ್ನು ಹುಡುಕಿಕೊಂಡು ಬಂದವರಿಗೆ ಔಷಧ ಕೊಡತೊಡಗಿದರು. ಸುದ್ದಿ ಹರಡಿದಂತೆ ಬರುವವರ ಸಂಖ್ಯೆ ಹೆಚ್ಚಿತು. 1880ರಲ್ಲಿ ಊರಿನ ಅಂಚಿನಲ್ಲಿದ್ದ ಕಂಕನಾಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ರೂಪುಗೊಂಡಿತು. ಬಡವರಿಗೆ ಉಚಿತವಾಗಿ ಔಷಧ ನೀಡುವುದು ಅದರ ಉದ್ದೇಶವಾಗಿತ್ತು.

ಉಚಿತವಾಗಿ ನಡೆಯುವ ಔಷಧಾಲಯಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದು ಯಾವುದೇ ಧರ್ಮಾರ್ಥ ಸಂಸ್ಥೆಯ ಮೊದಲ ಪ್ರಶ್ನೆ. ಮುಲ್ಲರ್ ಇದಕ್ಕೆ ದಾನವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಅವರು ಔಷಧಗಳನ್ನು ತರಿಸಿ, ಸಿದ್ಧಪಡಿಸಿ, ಪೆಟ್ಟಿಗೆಗಳಲ್ಲಿ ಜೋಡಿಸಿ, ಬಳಸುವ ವಿಧಾನವನ್ನು ತಿಳಿಸುವ ಪುಸ್ತಿಕೆಗಳ ಸಮೇತ ಅಂಚೆಯ ಮೂಲಕ ದೂರದೂರದ ಊರುಗಳಿಗೆ ಮಾರಾಟ ಮಾಡುವ ವ್ಯವಸ್ಥೆಯನ್ನು ಬೆಳೆಸಿದರು. ವೈದ್ಯರಿಲ್ಲದ ಸ್ಥಳಗಳಲ್ಲಿದ್ದ ಮಿಷನರಿಗಳು ಮತ್ತು ಗೃಹಸ್ಥರು ಈ ಪೆಟ್ಟಿಗೆಗಳನ್ನು ತರಿಸಿಕೊಳ್ಳುತ್ತಿದ್ದರು. ಕೊಳ್ಳಬಲ್ಲವರಿಂದ ಬಂದ ಲಾಭ ಕೊಳ್ಳಲಾಗದವರ ಚಿಕಿತ್ಸೆಗೆ ಸಂದಿತು. ರೈಲು ಮಾರ್ಗ ಮಂಗಳೂರನ್ನು ತಲುಪಿದ್ದು 1907ರಲ್ಲಿ. ಅದಕ್ಕೂ ಬಹಳ ಮೊದಲೇ ಅಂಚೆಯನ್ನು ನಂಬಿ ನಡೆದ ಈ ವ್ಯವಹಾರವು ಆಸ್ಪತ್ರೆಯ ಆರ್ಥಿಕ ಆಧಾರವಾಯಿತು.

ಹಾನೆಮನ್ ಪದ್ಧತಿಯ ಔಷಧಗಳ ಜೊತೆಗೆ ಇಟಲಿಯ ಕೌಂಟ್ ಸೀಸರ್ ಮತ್ತೇಯಿ (1809–1896) ಪ್ರಚಾರಕ್ಕೆ ತಂದ ಇಲೆಕ್ಟ್ರೋಹೋಮಿಯೋಪತಿಯ ಔಷಧಗಳೂ, ಜರ್ಮನ್ ವೈದ್ಯ ವಿಲ್‌ಹೆಲ್ಮ್ ಶೂಸ್ಲರ್ (1821–1898) ಅವರ ಹನ್ನೆರಡು ಲವಣಗಳ ಪದ್ಧತಿಯೂ ಕಂಕನಾಡಿಯಲ್ಲಿ ಬಳಕೆಯಲ್ಲಿದ್ದವು. ಶೂಸ್ಲರ್ ಪದ್ಧತಿಯನ್ನು ಕುರಿತು ಮುಲ್ಲರ್ ಬರೆದ ಇಂಗ್ಲಿಷ್ ಕೈಪಿಡಿ ಭಾರತದ ಹೋಮಿಯೋಪತಿ ಬಳಕೆದಾರರಲ್ಲಿ ಪ್ರಚಾರ ಪಡೆಯಿತು. ವೈದ್ಯರಿಲ್ಲದ ಕಡೆ ಮನೆಯವರೇ ಲಕ್ಷಣ ನೋಡಿ ಔಷಧ ಕೊಡಲು ನೆರವಾಗುವುದು ಇಂಥ ಕೈಪಿಡಿಗಳ ಗುರಿಯಾಗಿತ್ತು.

ಭಾರತಕ್ಕೆ ಹೋಮಿಯೋಪತಿ ಮುಲ್ಲರ್ ಅವರಿಂದಲೇ ಬಂದುದಲ್ಲ. 1839ರಲ್ಲಿ ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗ್ ಅವರಿಗೆ ಚಿಕಿತ್ಸೆ ನೀಡಿದ ಹೋನಿಗ್‌ಬರ್ಗರ್ ಈ ಪದ್ಧತಿಯನ್ನು ಪರಿಚಯಿಸಿದವರಲ್ಲಿ ಮೊದಲಿಗರು. ಕಲ್ಕತ್ತೆಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ 1867ರಲ್ಲಿ ಬಹಿರಂಗವಾಗಿ ಹೋಮಿಯೋಪತಿಯ ಪಕ್ಷ ವಹಿಸಿದ್ದರು. ದಕ್ಷಿಣ ಭಾರತದ ಪಶ್ಚಿಮ ಕರಾವಳಿಯಲ್ಲಿ ಅದಕ್ಕೆ ಸ್ಥಿರವಾದ ಸಂಸ್ಥೆಯೊಂದನ್ನು ಕಟ್ಟಿಕೊಟ್ಟದ್ದು ಮುಲ್ಲರ್ ಅವರ ಸಾಧನೆ.

ಕುಷ್ಠರೋಗಿಗಳ ಆಶ್ರಯಧಾಮ

ಔಷಧ ಪಡೆದು ಮನೆಗೆ ಮರಳುವ ರೋಗಿಗಳ ನಡುವೆ ಮರಳಲು ಮನೆಯೇ ಇಲ್ಲದ ರೋಗಿಗಳೂ ಇದ್ದರು. ಕುಷ್ಠರೋಗ ತಗಲಿದವರನ್ನು ಕುಟುಂಬವೂ ಊರೂ ಹೊರಗಿಡುವುದು ಅಂದಿನ ಸಾಮಾನ್ಯ ರೂಢಿ. ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕುಷ್ಠರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರೂ ಅದಕ್ಕೆ ಪರಿಣಾಮಕಾರಿ ಔಷಧ ಇರಲಿಲ್ಲ. ಪಾಪದ ಫಲ, ವಂಶದ ಶಾಪ ಎಂಬ ನಂಬಿಕೆಗಳು ಬಲವಾಗಿದ್ದವು.

1890ರಲ್ಲಿ ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವನ್ನು ತೆರೆದರು. ಇದರಿಂದ ಸಂಸ್ಥೆಯ ಸ್ವರೂಪವೇ ಬದಲಾಯಿತು. ಔಷಧಾಲಯವು ಹಗಲಿನ ಕೆಲವು ಗಂಟೆಗಳ ಕೆಲಸ. ಆಶ್ರಯಧಾಮವೆಂದರೆ ಊಟ, ವಸತಿ, ಹುಣ್ಣುಗಳ ಶುಚಿ, ಬಟ್ಟೆ ಬದಲಿಸುವುದು, ಸಾಯುವವರ ಬಳಿ ಇರುವುದು – ಇವೆಲ್ಲವೂ ಸೇರಿದ ದಿನವಿಡೀ ಜವಾಬ್ದಾರಿ. ಇಲ್ಲಿ ಗುಳಿಗೆಗಿಂತ ಶುಶ್ರೂಷೆಯೇ ಪ್ರಧಾನವಾಯಿತು. ಕುಷ್ಠರೋಗಿಗಳ ವಿಷಯದಲ್ಲಿ ಬ್ರಿಟಿಷ್ ಸರಕಾರದ ಕಾನೂನು ಬಂದದ್ದು ಇದಾದ ಎಂಟು ವರ್ಷಗಳ ಅನಂತರ, 1898ರಲ್ಲಿ. ಆ ಕಾನೂನಿನ ಮುಖ್ಯ ಗಮನವು ನಿರ್ಗತಿಕ ರೋಗಿಗಳನ್ನು ಬೇರ್ಪಡಿಸಿಡುವುದರ ಮೇಲಿತ್ತು.

1890ರ ದಶಕದಲ್ಲಿ ಕಂಕನಾಡಿಯಲ್ಲಿ ಇತರ ರೋಗಗಳಿಂದ ಬಳಲುವ ಬಡವರಿಗೂ ಒಳರೋಗಿಗಳಾಗಿ ಉಳಿಯುವ ಸೌಕರ್ಯ ಏರ್ಪಟ್ಟಿತು. ಹೀಗೆ ಔಷಧಾಲಯವು ಕ್ರಮೇಣ ಆಸ್ಪತ್ರೆಯಾಗಿ ಬೆಳೆಯಿತು.

ಪ್ಲೇಗ್ ಆಸ್ಪತ್ರೆ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಗಡ್ಡೆ ಪ್ಲೇಗ್ ಮುಂದಿನ ವರ್ಷಗಳಲ್ಲಿ ಭಾರತದ ಹಲವು ಭಾಗಗಳಿಗೆ ಹರಡಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಅಧಿಕಾರಿಗಳಿಗೆ ಮನೆ ಶೋಧಿಸುವ, ರೋಗಿಗಳನ್ನು ಬೇರೆಡೆಗೆ ಒಯ್ಯುವ ಅಧಿಕಾರವನ್ನು ಕೊಟ್ಟಿತು. ಈ ಕ್ರಮಗಳ ಬಗ್ಗೆ ಜನರಲ್ಲಿ ಭಯವೂ ಸಿಟ್ಟೂ ಹುಟ್ಟಿದವು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಅವರ ಹತ್ಯೆ ನಡೆದದ್ದು ಅದೇ ವರ್ಷ. ರೋಗಿಯನ್ನು ಮುಚ್ಚಿಡುವುದು, ಊರು ಬಿಟ್ಟು ಓಡುವುದು ಎಲ್ಲೆಡೆ ಕಂಡುಬಂದಿತು.

ಮಂಗಳೂರಿಗೆ ಪ್ಲೇಗ್ ತಲುಪಿದಾಗ, 1902ರಲ್ಲಿ, ಮುಲ್ಲರ್ ಪ್ಲೇಗ್ ರೋಗಿಗಳಿಗಾಗಿಯೇ ಪ್ರತ್ಯೇಕ ಆಸ್ಪತ್ರೆಯನ್ನು ತೆರೆದರು. ಇಲಿಗಳ ಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ 1898ರಲ್ಲಿಯೇ ತೋರಿಸಿದ್ದರೂ ಅದಕ್ಕೆ ಇನ್ನೂ ಪೂರ್ಣ ಮನ್ನಣೆ ದೊರೆತಿರಲಿಲ್ಲ. ಪ್ಲೇಗನ್ನು ಗುಣಪಡಿಸಬಲ್ಲ ಪ್ರತಿಜೈವಿಕ ಔಷಧಗಳು ಬಂದದ್ದು 1940ರ ದಶಕದಲ್ಲಿ. ಆದ್ದರಿಂದ 1902ರಲ್ಲಿ ಯಾವ ಪದ್ಧತಿಯ ವೈದ್ಯರ ಕೈಯಲ್ಲಿಯೂ ನಿಶ್ಚಿತವಾದ ಮದ್ದು ಇರಲಿಲ್ಲ. ರೋಗಿಯನ್ನು ಇತರರಿಂದ ಬೇರೆಯಾಗಿಟ್ಟು, ನೀರು, ಆಹಾರ ಮತ್ತು ಆರೈಕೆ ಕೊಡುವುದೇ ಆಗ ಸಾಧ್ಯವಿದ್ದ ಕೆಲಸ. ಜನರು ಈಗಾಗಲೇ ನಂಬಿದ್ದ ಸಂಸ್ಥೆಯೊಂದು ಈ ಕೆಲಸವನ್ನು ವಹಿಸಿಕೊಂಡುದು ಈ ಆಸ್ಪತ್ರೆಯ ವೈಶಿಷ್ಟ್ಯ. ಎರಡು ದಶಕಗಳಿಂದ ಉಚಿತ ಔಷಧ ಕೊಡುತ್ತ ಬಂದಿದ್ದ ಸ್ಥಳಕ್ಕೆ ರೋಗಿಯನ್ನು ಕಳುಹಿಸುವುದು ಅಪರಿಚಿತ ಶಿಬಿರಕ್ಕೆ ಒಪ್ಪಿಸುವುದಕ್ಕಿಂತ ಬೇರೆಯಾಗಿತ್ತು.

ಗೌರವ ಮತ್ತು ನಿಧನ

ಸಾರ್ವಜನಿಕ ಸೇವೆಗಾಗಿ ಬ್ರಿಟಿಷ್ ಸರಕಾರವು ಮುಲ್ಲರ್ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. ಸುಮಾರು ಮೂರು ದಶಕಗಳ ಕಾಲ ಮಂಗಳೂರಿನಲ್ಲಿ ಸೇವೆ ಸಲ್ಲಿಸಿದ ಅವರು 1910ರ ನವೆಂಬರಿನಲ್ಲಿ ನಿಧನರಾದರು. ಅವರ ಬಳಿಕವೂ ಸಂಸ್ಥೆ ಮುಂದುವರಿಯಿತು. ಜನರ ಬಾಯಲ್ಲಿ ಅದು ಕಂಕನಾಡಿ ಆಸ್ಪತ್ರೆಯೆಂದೂ ಫಾದರ್ ಮುಲ್ಲರ್ ಆಸ್ಪತ್ರೆಯೆಂದೂ ಹೆಸರಾಯಿತು.

ಚಿಕಿತ್ಸಾ ಪದ್ಧತಿಯ ಮೌಲ್ಯಮಾಪನ

ಮುಲ್ಲರ್ ಬಳಸಿದ ಔಷಧಗಳ ಪರಿಣಾಮವನ್ನು ಇಂದಿನ ವೈಜ್ಞಾನಿಕ ಮಾನದಂಡಗಳು ಬೆಂಬಲಿಸುವುದಿಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು 2015ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಹೋಮಿಯೋಪತಿ ಪರಿಣಾಮಕಾರಿ ಎಂಬುದಕ್ಕೆ ವಿಶ್ವಾಸಾರ್ಹ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯು 2017ರಲ್ಲಿ ಹೋಮಿಯೋಪತಿ ಔಷಧಗಳನ್ನು ಬರೆದುಕೊಡುವುದನ್ನು ನಿಲ್ಲಿಸುವಂತೆ ಸೂಚಿಸಿತು. ಮತ್ತೇಯಿ ಅವರ ಇಲೆಕ್ಟ್ರೋಹೋಮಿಯೋಪತಿಗೂ ವೈಜ್ಞಾನಿಕ ಮನ್ನಣೆ ದೊರೆತಿಲ್ಲ. ಕುಷ್ಠರೋಗವು ಗುಣವಾಗತೊಡಗಿದ್ದು 1940ರ ದಶಕದಲ್ಲಿ ಬಳಕೆಗೆ ಬಂದ ಡ್ಯಾಪ್ಸೋನ್ ಮತ್ತು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ.

ಹಾಗಿದ್ದರೂ ಮುಲ್ಲರ್ ಅವರ ಕೆಲಸದ ಬೆಲೆಯನ್ನು ಔಷಧದ ಗುಣದಿಂದ ಮಾತ್ರ ಅಳೆಯಲಾಗದು. ಬಡವರಿಗೆ ತೆರೆದ ಬಾಗಿಲು, ನಿರಂತರ ಸೇವೆ, ಬಹಿಷ್ಕೃತ ರೋಗಿಗಳಿಗೆ ವಸತಿ, ಸಾಂಕ್ರಾಮಿಕದ ಕಾಲದಲ್ಲಿ ಪ್ರತ್ಯೇಕ ಆರೈಕೆ, ಈ ಎಲ್ಲಕ್ಕೂ ನಿಯಮಿತ ಆದಾಯ – ಸಾರ್ವಜನಿಕ ಆರೋಗ್ಯಕ್ಕೆ ಬೇಕಾದ ಈ ಅಂಗಗಳನ್ನು ಅವರು ಒಂದೆಡೆ ಜೋಡಿಸಿದರು. ಮುಂದೆ ಆಧುನಿಕ ವೈದ್ಯವು ಕಂಕನಾಡಿಗೆ ಬಂದಾಗ ಅದಕ್ಕೆ ನೆಲೆಯೂ ಜನರ ವಿಶ್ವಾಸವೂ ಸಿದ್ಧವಾಗಿದ್ದವು. ಸಂಸ್ಥೆಯು ಒಂದೇ ಪದ್ಧತಿಗೆ ಅಂಟಿಕೊಂಡಿದ್ದರೆ ಶಸ್ತ್ರಚಿಕಿತ್ಸೆ, ಲಸಿಕೆ ಮತ್ತು ಪ್ರತಿಜೈವಿಕ ಔಷಧಗಳ ಫಲವು ಅಲ್ಲಿನ ರೋಗಿಗಳಿಗೆ ಸಿಗುತ್ತಿರಲಿಲ್ಲ.

ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಇತರ ಪದ್ಧತಿಗಳು

ಮುಲ್ಲರ್ ಅವರ ಕಾಲದಲ್ಲಿ ಹೋಮಿಯೋಪತಿಗೆ ಸರಕಾರದ ನಿಯಂತ್ರಣವೂ ಇರಲಿಲ್ಲ, ಅಧಿಕೃತ ಸ್ಥಾನವೂ ಇರಲಿಲ್ಲ. ಸ್ವತಂತ್ರ ಭಾರತದಲ್ಲಿ 1973ರ ಹೋಮಿಯೋಪತಿ ಕೇಂದ್ರ ಪರಿಷತ್ ಕಾಯ್ದೆಯು ಶಿಕ್ಷಣ ಮತ್ತು ನೋಂದಣಿಗೆ ಚೌಕಟ್ಟನ್ನು ಒದಗಿಸಿತು. 2020ರಲ್ಲಿ ಅದರ ಸ್ಥಾನದಲ್ಲಿ ರಾಷ್ಟ್ರೀಯ ಹೋಮಿಯೋಪತಿ ಆಯೋಗದ ಕಾಯ್ದೆ ಬಂದಿತು. 1995ರಲ್ಲಿ ಭಾರತೀಯ ವೈದ್ಯ ಪದ್ಧತಿಗಳು ಮತ್ತು ಹೋಮಿಯೋಪತಿಗಾಗಿ ಪ್ರತ್ಯೇಕ ಇಲಾಖೆ ರಚನೆಯಾಗಿ, 2003ರಲ್ಲಿ ಆಯುಷ್ ಎಂಬ ಹೆಸರನ್ನು ಪಡೆದು, 2014ರಲ್ಲಿ ಸ್ವತಂತ್ರ ಸಚಿವಾಲಯವಾಯಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಯುಷ್ ವೈದ್ಯರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ನೇಮಿಸುವ ಕ್ರಮ ಜಾರಿಗೆ ಬಂದಿತು.

ಮುಲ್ಲರ್ ಅವರ ಸಮಕಾಲೀನವಾಗಿ ಅಮೆರಿಕದಲ್ಲಿ ಹುಟ್ಟಿದ ಕೈರೋಪ್ರಾಕ್ಟಿಕ್ ಎಂಬ ಬೆನ್ನೆಲುಬಿನ ಚಿಕಿತ್ಸಾ ಪದ್ಧತಿಯ ದಾರಿ ಇದಕ್ಕಿಂತ ಬೇರೆಯಾಗಿದೆ. 1895ರಲ್ಲಿ ಅಯೋವಾ ರಾಜ್ಯದ ಡಾವೆನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಈ ಪದ್ಧತಿಯಲ್ಲಿ ಔಷಧದ ಬದಲು ಕೈಗಳಿಂದ ಬೆನ್ನುಮೂಳೆಯ ಕೀಲುಗಳನ್ನು ಒತ್ತಿ ಸರಿಹೊಂದಿಸಲಾಗುತ್ತದೆ. ಎಲ್ಲ ರೋಗಗಳಿಗೂ ಬೆನ್ನೆಲುಬಿನ ದೋಷವೇ ಕಾರಣ ಎಂಬರ್ಥದ ಮೂಲ ವಾದಕ್ಕೆ ಆಧಾರ ದೊರೆತಿಲ್ಲ. ಆದರೆ ಸೊಂಟನೋವಿನಂಥ ತೊಂದರೆಗಳಲ್ಲಿ ಅದಕ್ಕೆ ಸೀಮಿತ ಸ್ಥಾನ ದೊರೆತಿದೆ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯ ಮೂಲಕ ಅದು ನಿಯಂತ್ರಿತ ವೃತ್ತಿಯಾಯಿತು. ಅಲ್ಲಿನ 2016ರ ಮಾರ್ಗಸೂಚಿಯು ಸೊಂಟನೋವಿಗೆ ಕೈಯ ಚಿಕಿತ್ಸೆಯನ್ನು ವ್ಯಾಯಾಮದ ಜೊತೆಯಲ್ಲಿ ಮಾತ್ರ ಪರಿಗಣಿಸಬೇಕೆಂದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಕೈರೋಪ್ರಾಕ್ಟಿಕ್ ತರಬೇತಿ ಮತ್ತು ಸುರಕ್ಷತೆಗೆ ಮಾರ್ಗಸೂಚಿ ಪ್ರಕಟಿಸಿತು. ಕುತ್ತಿಗೆಯನ್ನು ಬಲವಾಗಿ ತಿರುಗಿಸಿದಾಗ ವಿರಳವಾಗಿ ರಕ್ತನಾಳಕ್ಕೆ ಗಂಭೀರ ಹಾನಿಯಾದ ಪ್ರಕರಣಗಳು ವರದಿಯಾಗಿರುವುದರಿಂದ ತರಬೇತಿಯ ಪ್ರಶ್ನೆ ಮಹತ್ವದ್ದು.

ಭಾರತದಲ್ಲಿ ಕೈರೋಪ್ರಾಕ್ಟಿಕ್ ಆಯುಷ್ ಪದ್ಧತಿಗಳಲ್ಲಿ ಸೇರಿಲ್ಲ. ಬೆನ್ನು ಮತ್ತು ಕೀಲು ನೋವುಗಳ ಆರೈಕೆಯನ್ನು ಮುಖ್ಯವಾಗಿ ಮೂಳೆತಜ್ಞರು ಮತ್ತು ಫಿಸಿಯೋಥೆರಪಿ ತಜ್ಞರು ನೋಡಿಕೊಳ್ಳುತ್ತಾರೆ. 2021ರ ರಾಷ್ಟ್ರೀಯ ಪೂರಕ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಫಿಸಿಯೋಥೆರಪಿ ಬಂದಿದೆ. ಹೊಲಗದ್ದೆ, ಅಡಿಕೆ ತೋಟ ಮತ್ತು ಬೀಡಿ ಕಟ್ಟುವ ಕೆಲಸಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಜನರು ಹೆಚ್ಚಾಗಿರುವ ದಕ್ಷಿಣ ಕನ್ನಡದಲ್ಲಿ ಈ ಆರೈಕೆಯ ಅಗತ್ಯ ದೊಡ್ಡದು. ಜನಪ್ರಿಯತೆಯೊಂದರಿಂದಲೇ ಯಾವ ಪದ್ಧತಿಯೂ ಸಾರ್ವಜನಿಕ ವ್ಯವಸ್ಥೆಯ ಭಾಗವಾಗುವುದಿಲ್ಲ. ಪರೀಕ್ಷಿತ ಪ್ರಯೋಜನ, ನೋಂದಾಯಿತ ತರಬೇತಿ, ಅಪಾಯದ ಲಕ್ಷಣ ಕಂಡಾಗ ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವ ಕ್ರಮ ಮತ್ತು ಬಡವರಿಗೆ ನಿಲುಕುವ ವೆಚ್ಚ ಇದಕ್ಕೆ ಬೇಕಾಗುತ್ತವೆ. ಇವುಗಳಲ್ಲಿ ಕೊನೆಯದನ್ನು ಮುಲ್ಲರ್ ತಮ್ಮ ಕಾಲದಲ್ಲಿ ಸಾಧಿಸಿದ್ದರು. ಉಳಿದವುಗಳನ್ನು ಮುಂದಿನ ತಲೆಮಾರಿನ ವೈದ್ಯರೂ ಕಾನೂನುಗಳೂ ಒದಗಿಸಬೇಕಾಯಿತು.

ಪರಂಪರೆ

ಮುಲ್ಲರ್ ಸ್ಥಾಪಿಸಿದ ಸಂಸ್ಥೆಗಳು ಇಂದು ಮಂಗಳೂರು ಧರ್ಮಪ್ರಾಂತದ ಆಶ್ರಯದಲ್ಲಿ ನಡೆಯುತ್ತಿವೆ. ಹೋಮಿಯೋಪತಿ ವೈದ್ಯಕೀಯ ಕಾಲೇಜು 1985ರಲ್ಲಿಯೂ, ಆಧುನಿಕ ವೈದ್ಯ ಪದ್ಧತಿಯ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು 1999ರಲ್ಲಿಯೂ ಆರಂಭವಾದವು. ಹೋಮಿಯೋಪತಿ ಕಾಲೇಜು ದೇರಳಕಟ್ಟೆಯಲ್ಲಿದೆ. ಶುಶ್ರೂಷೆ ಮತ್ತು ಫಿಸಿಯೋಥೆರಪಿ ಶಿಕ್ಷಣವೂ ಈ ಸಂಸ್ಥೆಗಳಲ್ಲಿ ನಡೆಯುತ್ತದೆ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಇನ್ನೊಂದು ಆಸ್ಪತ್ರೆಯಿದೆ. ಹೋಮಿಯೋಪತಿ ಔಷಧಗಳ ತಯಾರಿಕಾ ವಿಭಾಗವೂ ಮುಂದುವರಿದಿದೆ. ಬಡವರ ಔಷಧಾಲಯವಾಗಿ ಆರಂಭವಾದ ಕಂಕನಾಡಿಯ ಕೇಂದ್ರಕ್ಕೆ ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮತ್ತು ಕಾಸರಗೋಡು ಭಾಗಗಳ ರೋಗಿಗಳು ಬರುತ್ತಾರೆ.